ವೆಂಗುರ್ಲೆಯ ಮಗ, ಅಮೆರಿಕದ ರಾಯಭಾರಿ

ದಿಲ್ಲಿಗೆ ಬಂದು ಎಷ್ಟು ವರ್ಷವಾದರೂ ನಮ್ಮನ್ನು ಮೊದಲು ಕೇಳುವುದು "ನಿಮ್ಮ ಊರು ಯಾವುದು?" ಅಂತಲೇ. 1977ರಲ್ಲಿ ಇಲ್ಲಿಗೆ ಬಂದ ಅಮೆರಿಕದ ರಾಯಭಾರಿ ಈ ಪ್ರಶ್ನೆಗೆ "ವೆಂಗುರ್ಲೆ" ಅನ್ನಬಹುದಿತ್ತು. ಕಾರವಾರದಿಂದ ಕರಾವಳಿ ಹಿಡಿದು ಉತ್ತರಕ್ಕೆ ಹೊರಟರೆ ಗೋವಾ ದಾಟಿದ ಮೇಲೆ ಸಿಗುವ ಪುಟ್ಟ ಬಂದರು ಅದು. ರಾಬರ್ಟ್ ಗೊಹೀನ್ ಹುಟ್ಟಿದ್ದು ಅಲ್ಲಿ, ಕ್ರೈಸ್ತ ಮಿಷನ್ನಿನ ಡಾಕ್ಟರೊಬ್ಬರ ಮಗನಾಗಿ. ಹುಟ್ಟಿದ ದಿನ 1919ರ ಆಗಸ್ಟ್ 15. ಆ ತಾರೀಖಿಗೆ ಆಗಿನ್ನೂ ಅಂಥ ಮಹತ್ವವಿರಲಿಲ್ಲ!

15 ವರ್ಷದ ತನಕ ಹುಡುಗ ಬೆಳೆದದ್ದು ಭಾರತದಲ್ಲೇ. ಆಮೇಲೆ ಓದಿಗೆಂದು ಅಮೆರಿಕಕ್ಕೆ ಹೋದ. ನಾವು ಊರು ಬಿಟ್ಟು ಪರಸ್ಥಳಕ್ಕೆ ಬಂದವರು; ಅವನಿಗೋ ಸ್ವದೇಶವೇ ಪರಸ್ಥಳವಾಗಿದ್ದಿರಬೇಕು. ಪ್ರಿನ್ಸ್‌ಟನ್‌ನಲ್ಲಿ ಗ್ರೀಕ್, ಲ್ಯಾಟಿನ್ ಕಲಿತು, ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ದು ಬಂದು, ಅಲ್ಲೇ ಮೇಷ್ಟ್ರಾದರು. ಸೊಫೊಕ್ಲಿಸನ 'ಆಂಟಿಗೊನೆ' ನಾಟಕದ ಮೇಲೆ ಒಂದು ಪುಸ್ತಕ ಬರೆದರು. ರಾಜಾಜ್ಞೆಗೂ ಒಡಹುಟ್ಟಿನ ಕರುಳಿಗೂ ನಡುವಿನ ಜಗ್ಗಾಟದ ನಾಟಕ ಅದು. 1957ರಲ್ಲಿ, ಇನ್ನೂ ಅಸಿಸ್ಟೆಂಟ್ ಪ್ರೊಫೆಸರ್ ಆಗಿದ್ದವರು 37ನೇ ವಯಸ್ಸಿಗೇ ಆ ವಿಶ್ವವಿದ್ಯಾಲಯದ ಅಧ್ಯಕ್ಷರಾದರು. ನಮ್ಮಲ್ಲಾಗಿದ್ದರೆ ಸೀನಿಯಾರಿಟಿ ಕೇಸು ಹೈಕೋರ್ಟು ಹತ್ತುತ್ತಿತ್ತು, ಬಿಡಿ. ಹೆಣ್ಣುಮಕ್ಕಳಿಗೆ ಅಲ್ಲಿ ಪದವಿ ತರಗತಿಗಳು ತೆರೆದದ್ದೂ ಅವರ ಕಾಲದಲ್ಲೇ, 1969ರಲ್ಲಿ.

ಇಂಥವರನ್ನು ಅಧ್ಯಕ್ಷ ಕಾರ್ಟರ್ ದಿಲ್ಲಿಗೆ ಕಳಿಸಿದರು. ಬಂದವರ ತಲೆಯ ಮೇಲೆ ತಾರಾಪುರ ಕೂತಿತು. 1963ರ ಒಪ್ಪಂದದಂತೆ ಆ ಅಣುಸ್ಥಾವರಕ್ಕೆ ಯುರೇನಿಯಂ ಇಂಧನ ಕೊಡಬೇಕಾದದ್ದು ಅಮೆರಿಕ. 1974ರ ಪೋಖ್ರಾನ್ ಸ್ಫೋಟವಾದ ಮೇಲೆ ಅವರ ಧಾಟಿಯೇ ಬದಲಾಯಿತು: ನಿಮ್ಮ ಎಲ್ಲ ಅಣುಕೇಂದ್ರಗಳನ್ನೂ ತಪಾಸಣೆಗೆ ತೆರೆಯಿರಿ, ಆಮೇಲೆ ಮಾತು. ಮೊರಾರ್ಜಿ ದೇಸಾಯಿ ಒಪ್ಪಲಿಲ್ಲ. 1978ರ ಜನವರಿಯಲ್ಲಿ ಕಾರ್ಟರ್ ದಿಲ್ಲಿಗೆ ಬಂದಾಗ, ವಾಪಸು ಹೋದ ಮೇಲೆ ಮೊರಾರ್ಜಿಗೆ ಖಡಕ್ಕಾಗಿ ಒಂದು ಪತ್ರ ಬರೆಯೋಣ ಅಂತ ತಮ್ಮ ವಿದೇಶಾಂಗ ಕಾರ್ಯದರ್ಶಿಗೆ ಹೇಳಿದ್ದು ಮೈಕಿನಲ್ಲಿ ಸಿಕ್ಕಿಬಿತ್ತು. ಮಾರ್ಚಿನಲ್ಲಿ ಆ ಬೇಡಿಕೆ ಅಮೆರಿಕದ ಕಾಯ್ದೆಯೇ ಆಯಿತು.

ಭೂಪಟ ತೆಗೆದು ನೋಡಿ. ಕೊಂಕಣ ತೀರದ ದಕ್ಷಿಣದ ತುದಿಗೆ ವೆಂಗುರ್ಲೆ, ಉತ್ತರದ ತುದಿಗೆ ತಾರಾಪುರ. ಮುಂಬಯಿ ಕನ್ನಡಿಗರ ಮನೆಯ ದೀಪಕ್ಕೂ ಕರೆಂಟು ಒದಗಿಸುವ ಸ್ಥಾವರ ಅದು. ತಾನು ಹುಟ್ಟಿದ ಕರಾವಳಿಗೆ ಇಂಧನ ಯಾಕೆ ಬರುತ್ತಿಲ್ಲ ಅಂತ ವಿವರಿಸುವ ಕೆಲಸ ವಾಷಿಂಗ್ಟನ್ನಿನ ಪ್ರತಿನಿಧಿಯಾಗಿ ಗೊಹೀನರ ಪಾಲಿಗೆ ಬಂತು. ರಾಯಭಾರಿಯ ಕುರ್ಚಿಯಲ್ಲಿ ಹುಟ್ಟೂರಿಗೆ ಜಾಗವಿಲ್ಲ ಅನ್ನುವುದು ಸುಲಭ. ನನಗಂತೂ ಅದು ಅಷ್ಟು ಸಲೀಸಾಗಿತ್ತು ಅನ್ನಿಸುವುದಿಲ್ಲ.

1980ರಲ್ಲಿ ಕಾರ್ಟರ್ 38 ಟನ್ ಇಂಧನ ಕಳಿಸಲು ಒಪ್ಪಿದರು. ಕೆಳಮನೆ ಬೇಡವೆಂದಿತು, ಸೆನೆಟ್ಟಿನಲ್ಲಿ 48-46ರ ಅಂತರದಲ್ಲಿ ಹೇಗೋ ಉಳಿದುಕೊಂಡಿತು. ಆ ವರ್ಷದ ಕೊನೆಗೆ ಗೊಹೀನ್ ದಿಲ್ಲಿ ಬಿಟ್ಟರು. 1982ರ ಹೊತ್ತಿಗೆ ತಾರಾಪುರಕ್ಕೆ ಇಂಧನ ಕೊಡುವ ಹೊಣೆ ಫ್ರಾನ್ಸಿಗೆ ಹೋಯಿತು.

ಅವರು ಪ್ರಿನ್ಸ್‌ಟನ್‌ನಲ್ಲಿ ತೀರಿಕೊಂಡದ್ದು 2008ರ ಮಾರ್ಚ್ 31ರಂದು. ಭಾರತ-ಅಮೆರಿಕ ಅಣು ಒಪ್ಪಂದಕ್ಕೆ ಸಹಿ ಬಿದ್ದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ.