ಗೂಟದ ಕಾರು ಮತ್ತು ನೂರಾ ಎಂಟು

ಒಂದು ಕಾಲಕ್ಕೆ ನಮ್ಮ ಕಡೆ ಯಾರಾದರೂ ಮಂತ್ರಿಯಾದರೆ 'ಮಂತ್ರಿಯಾದ' ಎಂದು ಹೇಳುವ ಅಗತ್ಯವೇ ಇರಲಿಲ್ಲ. 'ಗೂಟದ ಕಾರು ಹತ್ತಿದ' ಎಂದರೆ ಸಾಕಿತ್ತು. ಶಿರಹಟ್ಟಿಯ ಚಹಾದಂಗಡಿಯಲ್ಲಿ ಕೂತವರಿಗೂ ಗದಗಿನ ಟಾಂಗಾಕೂಟದಲ್ಲಿ ನಿಂತವರಿಗೂ ಅರ್ಥವಾಗುತ್ತಿತ್ತು. ಕಾರಿನ ನೆತ್ತಿಯ ಮೇಲೆ ಕೂತ ಕೆಂಪು ದೀಪವನ್ನು ಗೂಟ ಎಂದು ಮೊದಲು ಕರೆದವರು ಯಾರೋ ಗೊತ್ತಿಲ್ಲ. ಆದರೆ ದನ ಕಟ್ಟುವ ಗೂಟ ಕಂಡವರೇ ಇರಬೇಕು. ಆ ಹೆಸರಿನಲ್ಲಿ ಸ್ವಲ್ಪ ಗೌರವವಿದೆ, ಸ್ವಲ್ಪ ಗೇಲಿಯೂ ಇದೆ. ಒಮ್ಮೆ ಹುಗಿದರೆ ಕೀಳುವುದು ಸುಲಭವಲ್ಲ ಎನ್ನುವ ಅನುಭವವೂ ಇದೆ.

ಹಾಗೆಯೇ ನೆತ್ತಿಯ ಮೇಲೆ ದೀಪ ಹೊತ್ತು ಓಡುವ ಇನ್ನೊಂದು ಗಾಡಿಗೆ ನಮ್ಮಲ್ಲಿ ಇಂಥ ಹೆಸರು ಹುಟ್ಟಲಿಲ್ಲ. ಪುಲಿಗೆರೆ, ಅಂದರೆ ಇಂದಿನ ಲಕ್ಷ್ಮೇಶ್ವರ, ತಿರುಳ್ಗನ್ನಡದ ನಾಡಿನ ನಾಲ್ಕು ಊರುಗಳಲ್ಲಿ ಒಂದೆಂದು 'ಕವಿರಾಜಮಾರ್ಗ' ಗುರುತಿಸಿದೆ. ಅದೇ ಲಕ್ಷ್ಮೇಶ್ವರದಲ್ಲಿ ಎದೆ ಹಿಡಿದುಕೊಂಡು ಕೂತವರನ್ನು ಕಂಡರೆ ಜನ ಈಗ ಕೂಗುವುದು 'ನೂರಾ ಎಂಟಕ್ಕ ಫೋನ್ ಹಚ್ರೀ' ಎಂದು. ಹೆಸರಿನ ಜಾಗದಲ್ಲಿ ಒಂದು ಅಂಕಿ ಕೂತಿದೆ. ವಿಚಿತ್ರವೆಂದರೆ ಆ ಗೂಟದ ಕಾರಿನ ಬೇರು ಇದ್ದದ್ದೂ ಇದೇ ಅಂಕಿಯಲ್ಲಿ. ಕೇಂದ್ರ ಮೋಟಾರು ವಾಹನ ನಿಯಮಗಳು, 1989, ನಿಯಮ 108. ಇದು ಬರೀ ಕಾಕತಾಳೀಯ. ಆದರೂ ಈ ದೀಪಗಳ ಕತೆ ಹೇಳಲು ಹೊರಟವನಿಗೆ ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬರುವುದಿಲ್ಲ.

ದಾರಿ ಬಿಡಿಸುವ ಪದ್ಧತಿ ದೀಪಕ್ಕಿಂತ ಬಹಳ ಹಳೆಯದು. ಅರಸನ ಸವಾರಿ ಬಂದರೆ ಮುಂದೆ ಚೋಪದಾರರು ಬೆಳ್ಳಿ ಕೋಲು ಹಿಡಿದು 'ಬಹುಪರಾಕ್' ಎನ್ನುತ್ತ ನಡೆಯುತ್ತಿದ್ದರು. ಇನ್ನೊಂದು ಕೂಗು ಯಾವ ಆಸ್ಥಾನದ್ದೂ ಅಲ್ಲ. ಬಾವಿಗೆ ಬಿದ್ದ ಮಗುವನ್ನೋ ಹಾವು ಕಡಿದವನನ್ನೋ ಹೊರಸಿನ ಮೇಲೆ ಹೊತ್ತವರು 'ಹಾದಿ ಬಿಡ್ರೀ' ಎಂದು ಒದರುತ್ತ ಓಡುವ ಕೂಗು ಅದು. ಮೊದಲನೆಯ ಕೂಗಿಗೆ ಜನ ಬಾಗಿ ಸರಿಯುತ್ತಿದ್ದರು, ಎರಡನೆಯದಕ್ಕೆ ಹೊರಸಿಗೆ ತಾವೂ ಒಂದು ಕೈ ಕೊಡಲು ಓಡುತ್ತಿದ್ದರು. ಮೋಟಾರು ಬಂದ ಮೇಲೆ ಎರಡೂ ಕೂಗುಗಳು ದೀಪವಾದವು. ಎರಡಕ್ಕೂ ಬೇಕಾದದ್ದು ಕೆಂಪು ಬಣ್ಣವೇ ಆಗಿದ್ದರಿಂದ ತೊಡಕು ಶುರುವಾಯಿತು.

ಕೆಂಪು ದೀಪಕ್ಕೆ ನಮ್ಮ ಸೀಮೆಯಲ್ಲಿ ಅರ್ಥ ಕೊಟ್ಟದ್ದು ರೈಲು. 1884ರಲ್ಲಿ ಸದರ್ನ್ ಮರಾಠಾ ರೈಲ್ವೆಯ ಗದಗ–ಹೋಟಗಿ ಮಾರ್ಗ ತೆರೆಯಿತು. ಸಿಗ್ನಲ್ಲಿನ ಕೆಂಪು, ಗಾರ್ಡಿನ ಕೈಯ ಕೆಂಪು ಕಂದೀಲು, ಕೊನೆಯ ಡಬ್ಬಿಯ ಹಿಂದಿನ ಕೆಂಪು ದೀಪ ಎಲ್ಲವೂ ಹೇಳುತ್ತಿದ್ದದ್ದು ಒಂದೇ ಮಾತು: ನಿಲ್ಲು, ಮುಂದೆ ಅಪಾಯವಿದೆ. ಅಲ್ಲಿ ಕೆಂಪಿಗೂ ದೊಡ್ಡಸ್ತಿಕೆಗೂ ಯಾವ ಸಂಬಂಧವೂ ಇರಲಿಲ್ಲ. ಗಾಡಿಯೊಳಗೆ ಗವರ್ನರ್ ಕೂತಿರಲಿ, ಗೋಧಿ ಚೀಲ ಇರಲಿ, ಕೆಂಪು ಕಂಡರೆ ನಿಲ್ಲಲೇಬೇಕು.

ರಸ್ತೆಯ ಮಾತು ಹಾಗಿರಲಿಲ್ಲ. ಮೋಟಾರು ವಾಹನಗಳಿಗೆಂದು 1914ರಲ್ಲಿ ಬಂದ ಕಾಯ್ದೆ ಬ್ರಿಟಿಷ್ ಇಂಡಿಯಾಕ್ಕೆ ಸೇರಿದ್ದು. ಗದಗ, ಮುಂಡರಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಒಂದು ಹಗಲಿನ ಚಕ್ಕಡಿ ಪ್ರಯಾಣದಲ್ಲಿ ಮೂರು ಸರಕಾರಗಳ ನೆಲ ತುಳಿಯಬಹುದಿತ್ತು. ಮುಂಬಯಿಯ ಕಾಯ್ದೆ ಸಂಸ್ಥಾನದ ಗಡಿಗೆ ಬಂದು ನಿಲ್ಲುತ್ತಿತ್ತು. 1939ರಲ್ಲಿ ಹೊಸ ಕಾಯ್ದೆ ಬಂತು, 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರಿದವು, 1956ರಲ್ಲಿ ನಾಲ್ಕೂ ಊರು ಮೈಸೂರು ರಾಜ್ಯಕ್ಕೆ ಬಂದವು. ಈಗ ಜಾರಿಯಲ್ಲಿರುವ 1988ರ ಕಾಯ್ದೆ ಮತ್ತು ಅದರ ನಿಯಮಗಳು 1989ರ ಜುಲೈ 1ರಿಂದ ಬಂದಂಥವು. ನಮ್ಮ ನಿಯಮ 108 ಇರುವುದು ಅದರಲ್ಲಿ.

ಆ ನಿಯಮದ ಮೊದಲ ವಾಕ್ಯವನ್ನು ಹೆಚ್ಚಿನವರು ಓದಿರುವುದಿಲ್ಲ. ಯಾವ ವಾಹನವೂ ಮುಂದಕ್ಕೆ ಕೆಂಪು ದೀಪ ತೋರಿಸಬಾರದು, ಹಿಂದಕ್ಕೆ ಕೆಂಪಲ್ಲದ ದೀಪ ತೋರಿಸಬಾರದು ಎಂದು ಅದು ಹೇಳುತ್ತದೆ. ಕಾರಣ ಸರಳ. ಅಮಾವಾಸ್ಯೆಯ ರಾತ್ರಿ ಮುಂಡರಗಿ ರಸ್ತೆಯಲ್ಲಿ ದೂರದಲ್ಲೊಂದು ದೀಪ ಕಂಡರೆ ಆ ಗಾಡಿ ನಮ್ಮ ಕಡೆ ಬರುತ್ತಿದೆಯೋ ಅತ್ತ ಹೋಗುತ್ತಿದೆಯೋ ಎಂಬುದು ಬಣ್ಣದಿಂದಲೇ ಗೊತ್ತಾಗಬೇಕು. ಮುಂದೆ ಕೆಂಪು ಬೇಡ ಎಂದದ್ದು ಜೀವ ಉಳಿಸಲು. ಈ ಮೂಲ ನಿಯಮಕ್ಕೆ ಕೆಲವು ವಿನಾಯಿತಿಗಳನ್ನು ಕೊಟ್ಟರು. ಅವುಗಳಲ್ಲಿ ಎರಡು ಒಂದರ ಪಕ್ಕ ಒಂದು ಕೂತಿದ್ದವು. ಸರಕಾರ ಹೆಸರಿಸಿದ ಉನ್ನತ ಗಣ್ಯರ ವಾಹನದ ಮೇಲಿನ ಕೆಂಪು ದೀಪ ಒಂದು. ರೋಗಿಗಳನ್ನು ಸಾಗಿಸುವ ಆಂಬ್ಯುಲೆನ್ಸಿನ ಮೇಲೆ ನೇರಳೆ ಗಾಜಿನೊಳಗೆ ಮಿನುಗುವ ಕೆಂಪು ದೀಪ ಇನ್ನೊಂದು. ಹೀಗೆ ಬಹುಪರಾಕೂ 'ಹಾದಿ ಬಿಡ್ರೀ'ಯೂ ಒಂದೇ ನಿಯಮದೊಳಗೆ ನೆರೆಹೊರೆಯಾದವು. ನೇರಳೆ ಗಾಜಿನ ವ್ಯತ್ಯಾಸ ರಾತ್ರಿಯಲ್ಲಿ ಎಷ್ಟು ಜನರಿಗೆ ಕಂಡೀತು?

ಗಣ್ಯರ ಪಟ್ಟಿಯಲ್ಲೂ ಪಂಕ್ತಿಭೇದ ಇತ್ತು. 2002ರ ಜನವರಿಯಲ್ಲಿ ಕೇಂದ್ರ ಹೊರಡಿಸಿದ ಅಧಿಸೂಚನೆ ಎರಡು ಪಂಕ್ತಿ ಹಾಕಿತು. ರಾಷ್ಟ್ರಪತಿ, ಪ್ರಧಾನಿ, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಂಥವರಿಗೆ ಮಿನುಗುವ ಕೆಂಪು, ಅವರಿಗಿಂತ ಒಂದು ಮೆಟ್ಟಿಲು ಕೆಳಗಿನವರಿಗೆ ಮಿನುಗದ ಕೆಂಪು. ರಾಜ್ಯಗಳಿಗೆ ತಮ್ಮ ಪಟ್ಟಿ ತಾವೇ ಮಾಡಿಕೊಳ್ಳುವ ಅಧಿಕಾರವಿತ್ತು. ಆ ಪಟ್ಟಿಗಳು ಹೇಗೆ ಬೆಳೆದವು ಎಂಬುದಕ್ಕೆ ಲೆಕ್ಕಪತ್ರ ಬೇಕಿಲ್ಲ. 1997ರಲ್ಲಿ ಗದಗ ಜಿಲ್ಲೆಯಾದ ಮೇಲೆ ಊರೊಳಗೆ ದೀಪ ಹೊತ್ತ ಕಾರುಗಳ ಓಡಾಟ ಹೆಚ್ಚಿದ್ದು ನಮ್ಮ ಓರಗೆಯವರಿಗೆಲ್ಲ ನೆನಪಿದೆ. ಯಾವುದು ನಿಯಮದ ದೀಪ, ಯಾವುದು ಅಂಗಡಿಯಲ್ಲಿ ಕೊಂಡು ತಂದ ದೀಪ ಎಂದು ಕೇಳುವ ಧೈರ್ಯ ಯಾರಿಗಿತ್ತು?

2008ರ ರಾಜ್ಯೋತ್ಸವದ ದಿನ, ನವೆಂಬರ್ 1ರಂದು, ಕರ್ನಾಟಕದಲ್ಲಿ 'ಆರೋಗ್ಯ ಕವಚ' 108 ಸೇವೆ ಶುರುವಾಯಿತು. ನಮ್ಮ ಸೀಮೆಗೆ ಅದು ಎಷ್ಟು ದೊಡ್ಡ ಸಂಗತಿ ಎಂಬುದು ದೂರದವರಿಗೆ ತಿಳಿಯುವುದು ಕಷ್ಟ. ಅದಕ್ಕೂ ಮೊದಲು ರಾತ್ರಿ ಹೊತ್ತು ಬೇನೆ ಬಂದ ಹೆಂಗಸನ್ನು ಟೆಂಪೊದಲ್ಲೋ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹುಲ್ಲು ಹಾಸಿಯೋ ಒಯ್ಯಬೇಕಿತ್ತು. ಲಕ್ಷ್ಮೇಶ್ವರದಿಂದಲೋ ಮುಂಡರಗಿಯಿಂದಲೋ ಗದಗ ಸುಮಾರು 40 ಕಿಲೋಮೀಟರು. ಅಲ್ಲಿ ಆಗದಿದ್ದರೆ ಮುಂದೆ ಹುಬ್ಬಳ್ಳಿಗೆ ಇನ್ನೂ ಹತ್ತಿರ ಹತ್ತಿರ 60. ಗದಗಿನಲ್ಲೇ ಸರಕಾರಿ ವೈದ್ಯಕೀಯ ಕಾಲೇಜು ಆದದ್ದು 2015ರಲ್ಲಿ. ಅಲ್ಲಿಯ ತನಕ 'ಹುಬ್ಬಳ್ಳಿಗೆ ಒಯ್ರಿ' ಎಂಬ ಮಾತು ಕೇಳಿದರೆ ಮನೆಯವರ ಅರ್ಧ ಜೀವ ಅಲ್ಲೇ ಹೋಗುತ್ತಿತ್ತು.

ಆ ಗಾಡಿಯೊಳಗೆ ನಾನು ಕೂತದ್ದು ಒಂದೇ ಸಲ, 2012ರಲ್ಲಿ, ನಮ್ಮ ದೊಡ್ಡಪ್ಪನ ಜೊತೆ. ಲಕ್ಷ್ಮೇಶ್ವರ ಬಿಟ್ಟಾಗ ಹೊತ್ತು ಮುಳುಗುತ್ತಿತ್ತು. ಒಳಗೆ ಕೂತವರಿಗೆ ಆ ದೀಪ ಕಾಣುವುದಿಲ್ಲ ಎಂಬುದು ಅಂದು ಗೊತ್ತಾಯಿತು. ಅದರ ಬೆಳಕು ಬಿದ್ದ ಜಾಗಗಳಷ್ಟೇ ಕಾಣುತ್ತವೆ. ಬೇವಿನ ಮರ ಒಮ್ಮೆ ಕೆಂಪಾಗಿ ಮತ್ತೆ ಕಪ್ಪಾಗುತ್ತಿತ್ತು. ಊರ ಬಾಗಿಲಲ್ಲಿ ಕಟ್ಟೆಯ ಮೇಲೆ ಕೂತವರ ಮುಖಗಳು ಹೊಳೆದು ಆರಿಹೋಗುತ್ತಿದ್ದವು. ಎದುರು ಬಂದ ಚಕ್ಕಡಿಯವನು ಎತ್ತುಗಳನ್ನು ಹೊಲದೊಳಗೇ ಇಳಿಸಿಬಿಟ್ಟ. ಆದರೆ ಮುಂದೆ ಉಳ್ಳಾಗಡ್ಡಿ ಚೀಲ ಹೇರಿಕೊಂಡು ಹೊರಟಿದ್ದ ಟ್ರ್ಯಾಕ್ಟರಿನವನು ಬಹಳ ಹೊತ್ತು ಸರಿಯಲೇ ಇಲ್ಲ. ಅವನ ತಪ್ಪೆನ್ನುವಂತಿಲ್ಲ. ಆಂಬ್ಯುಲೆನ್ಸಿನ ಮೂತಿಯ ಮೇಲೆ ಅಕ್ಷರಗಳನ್ನು ತಿರುಗಾಮುರುಗಾ ಬರೆಯುವುದು ಮುಂದಿನವನ ಕನ್ನಡಿಯಲ್ಲಿ ಸರಿಯಾಗಿ ಕಾಣಲಿ ಎಂದು. ಆ ಟ್ರ್ಯಾಕ್ಟರಿಗೆ ಕನ್ನಡಿಯೇ ಇರಲಿಲ್ಲ, ಮೇಲೆ ಟೇಪು ಜೋರಾಗಿ ಹಾಡುತ್ತಿತ್ತು.

ಗದಗಿನೊಳಗೆ ಬಂದಾಗ ಪೊಲೀಸರು ರಸ್ತೆಗೆ ಅಡ್ಡ ನಿಂತಿದ್ದರು. ನಮ್ಮ ಡ್ರೈವರ್ ತಲೆ ಹೊರಗೆ ಹಾಕಿ, "ಸರ್, ಪೇಷಂಟ್ ಸೀರಿಯಸ್ ಅದಾರ್ರೀ" ಎಂದ. "ಐದ ಮಿನಿಟ್ ತಡೀ ತಮ್ಮಾ, ಸಾಹೇಬ್ರು ಬರಾಕತ್ತಾರ" ಎಂದು ಉತ್ತರ ಬಂತು. ಹೇಳಿದವನ ದನಿಯಲ್ಲಿ ದರ್ಪ ಇರಲಿಲ್ಲ, ಹೆದರಿಕೆ ಇತ್ತು. ಸೈರನ್ ಆರಿಸಿದರು, ಮೇಲಿನ ದೀಪ ಮಾತ್ರ ಮಿನುಗುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಎದುರಿನಿಂದ ಇನ್ನೊಂದು ಕೆಂಪು ದೀಪ ಮಿನುಗುತ್ತ ಬಂತು, ಅದರ ಹಿಂದೆ ನಾಲ್ಕೈದು ಕಾರು. ಎರಡೂ ದೀಪ ಒಂದು ಕ್ಷಣ ಎದುರುಬದುರಾದವು. ಆ ಕಾರಿನಲ್ಲಿದ್ದವರಿಗೆ ನಾವು ಕಂಡೆವೋ ಇಲ್ಲವೋ. ಅವರು ಹೇಳಿ ನಿಲ್ಲಿಸಿದ್ದಲ್ಲ ಎಂದೇ ನನ್ನ ನಂಬಿಕೆ. ಆ ಬಣ್ಣ ಕಂಡರೆ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬುದನ್ನು ನಾವೆಲ್ಲ ಬಹಳ ವರ್ಷಗಳಿಂದ ತಪ್ಪಾಗಿ ಕಲಿತಿದ್ದೆವು. ದೊಡ್ಡಪ್ಪ ಉಳಿದರು. ಉಳಿಯದಿದ್ದರೆ ಈ ಪ್ರಬಂಧದ ದನಿಯೇ ಬೇರೆ ಇರುತ್ತಿತ್ತು.

ಆಗಲೂ ಕಾನೂನು ನಮ್ಮ ಕಡೆಗೇ ಇತ್ತು ಎಂಬುದು ಆಮೇಲೆ ಓದಿ ತಿಳಿದ ಸಂಗತಿ. 1989ರ ರಸ್ತೆ ನಿಯಮಾವಳಿಯಲ್ಲಿ ಒಂದೇ ವಾಕ್ಯದ ಕಟ್ಟಳೆಯಿದೆ: ಅಗ್ನಿಶಾಮಕ ವಾಹನ ಅಥವಾ ಆಂಬ್ಯುಲೆನ್ಸ್ ಬಂದಾಗ ಪ್ರತಿ ಚಾಲಕನೂ ರಸ್ತೆಯ ಬದಿಗೆ ಸರಿದು ದಾರಿ ಕೊಡಬೇಕು. ಅದರಲ್ಲಿ ಮಂತ್ರಿಯ ಹೆಸರಿಲ್ಲ. ಗೂಟದ ಕಾರಿಗೆ ದೀಪ ಹಾಕಿಕೊಳ್ಳುವ ಅನುಮತಿ ಇತ್ತೇ ಹೊರತು, ಅದಕ್ಕೆ ದಾರಿ ಬಿಡಬೇಕೆಂದು ಈ ಕಟ್ಟಳೆ ಹೇಳಿರಲಿಲ್ಲ. ದಾರಿ ಬಿಟ್ಟವರು ಕಾನೂನಿಗೆ ಬಿಟ್ಟದ್ದಲ್ಲ.

ನಮ್ಮ ಆ ಸಂಜೆಯ ಮರುವರ್ಷ, 2013ರ ಡಿಸೆಂಬರ್ 10ರಂದು, ಅಭಯ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಜಿ. ಎಸ್. ಸಿಂಘ್ವಿ ಮತ್ತು ಸಿ. ನಾಗಪ್ಪನ್ ತೀರ್ಪು ಕೊಟ್ಟರು. ರಾಜ್ಯಗಳು ಪಟ್ಟಿಯನ್ನು ಮನಬಂದಂತೆ ಹಿಗ್ಗಿಸುವಂತಿಲ್ಲ, ಸಾಂವಿಧಾನಿಕ ಹುದ್ದೆಯ ಉನ್ನತ ಗಣ್ಯರಿಗೆ ಮಾತ್ರ ಕೆಂಪು ದೀಪ, ಅದೂ ಕರ್ತವ್ಯದಲ್ಲಿದ್ದಾಗ ಮಾತ್ರ ಎಂದರು. ಅದು ದೊಡ್ಡ ತೀರ್ಪೇ ಸರಿ. ಆದರೆ ಅದೇ ತೀರ್ಪು ಆಂಬ್ಯುಲೆನ್ಸ್, ಅಗ್ನಿಶಾಮಕ, ಪೊಲೀಸು ವಾಹನಗಳಿಗೆ ಕೆಂಪು ಬೇಡ, ನೀಲಿ, ಬಿಳಿ ಅಥವಾ ಬಹುಬಣ್ಣದ ದೀಪ ಇರಲಿ ಎಂದೂ ಹೇಳಿತು. ಅಂದರೆ ಅಪಾಯದ ಬಣ್ಣ ಗಣ್ಯರ ಪಾಲಿಗೆ ಉಳಿಯಿತು, ಅಪಾಯದಲ್ಲಿದ್ದವರು ಬೇರೆ ಬಣ್ಣ ಹುಡುಕಿಕೊಳ್ಳಬೇಕಾಯಿತು. ಎರಡನ್ನೂ ಬೇರೆ ಮಾಡಿದ್ದು ಸರಿ. ಯಾರು ಯಾವ ಬಣ್ಣ ಬಿಟ್ಟುಕೊಡಬೇಕು ಎಂಬ ಬಗ್ಗೆ ಮಾತ್ರ ನನಗೆ ಇವತ್ತಿಗೂ ತಕರಾರಿದೆ.

ನೀಲಿಯೇನೂ ಕೀಳು ಬಣ್ಣವಲ್ಲ ಎಂಬುದನ್ನೂ ಹೇಳಬೇಕು. ಕತ್ತಲಾದಂತೆ ನಮ್ಮ ಕಣ್ಣಿಗೆ ಕೆಂಪು ಮಂಕಾಗುತ್ತದೆ, ನೀಲಿ ಬೆಳಗುತ್ತದೆ. ಬೊಹೀಮಿಯಾದ ವಿಜ್ಞಾನಿ ಪುರ್ಕಿನ್ಯೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಇದನ್ನು ಗಮನಿಸಿದ್ದ. ಹಗಲಿಗೆ ಕೆಂಪು, ರಾತ್ರಿಗೆ ನೀಲಿ ಎಂದು ಎರಡನ್ನೂ ಒಟ್ಟಿಗೆ ಮಿನುಗಿಸುವುದಕ್ಕೆ ಹೀಗೊಂದು ಅರ್ಥವಿದೆ. ಜರ್ಮನಿಯಲ್ಲಿ ನೀಲಿ ದೀಪ ಬಂದದ್ದು 1930ರ ದಶಕದ ಕೊನೆಗೆ. ಯುದ್ಧಕಾಲದ ಕತ್ತಲೆ ಕಟ್ಟಳೆಗೂ ಅದಕ್ಕೂ ನಂಟು ಹೇಳುತ್ತಾರೆ: ಮೇಲಿನ ವಿಮಾನಕ್ಕೆ ಕಾಣದ ದೀಪ ಬೇಕಿತ್ತು.

2017ರ ಏಪ್ರಿಲ್ 19ರಂದು ಕೇಂದ್ರ ಸಂಪುಟ ಗೂಟಗಳನ್ನೆಲ್ಲ ಕೀಳಲು ತೀರ್ಮಾನಿಸಿತು. ಮೇ 1ರಿಂದ ಅದು ಜಾರಿಗೆ ಬಂತು. ರಾಷ್ಟ್ರಪತಿ, ಪ್ರಧಾನಿ ಯಾರಿಗೂ ವಿನಾಯಿತಿ ಉಳಿಯಲಿಲ್ಲ. ಬದಲಾಗಿ ಕೆಂಪು, ನೀಲಿ, ಬಿಳಿ ಕೂಡಿದ ಬಹುಬಣ್ಣದ ದೀಪವನ್ನು ಕೆಲಸಕ್ಕೆ ಕಟ್ಟಿದರು: ಬೆಂಕಿ ಆರಿಸುವುದು, ಕಾನೂನು ಸುವ್ಯವಸ್ಥೆ, ನೆರೆ, ಭೂಕಂಪ, ಭೂಕುಸಿತದಂಥ ವಿಪತ್ತು. ಆ ಕೆಲಸದ ಮೇಲಿಲ್ಲದಾಗ ಅದೇ ಗಾಡಿಯೂ ದೀಪ ಉರಿಸುವಂತಿಲ್ಲ. ಗಾಜಿನ ಮೇಲೆ ಸಾರಿಗೆ ಇಲಾಖೆಯ ಸ್ಟಿಕರ್ ಇರಬೇಕು, ಅನುಮತಿ ಪಡೆದವರ ಪಟ್ಟಿಯನ್ನು ರಾಜ್ಯಗಳು ವರ್ಷಕ್ಕೊಮ್ಮೆ ಸಾರ್ವಜನಿಕವಾಗಿ ಪ್ರಕಟಿಸಬೇಕು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ, ರೋಣದ ಕಡೆಯ ಹಳ್ಳಿಗಳೊಳಗೆ ನುಗ್ಗಿದಾಗ 'ನೆರೆ' ಎಂಬ ಒಂದು ಪದ ಆ ಪಟ್ಟಿಯಲ್ಲಿ ಯಾಕಿದೆ ಎಂಬುದು ನಮ್ಮ ಜಿಲ್ಲೆಗೆ ಅರ್ಥವಾಗಿರಬೇಕು.

2017ರ ಜೂನಿನಲ್ಲಿ ಹೊಸ ಚಾಲನಾ ನಿಯಮಾವಳಿಯೂ ಬಂತು. ತುರ್ತು ವಾಹನಗಳೇ ಒಂದಕ್ಕೊಂದು ಎದುರಾದರೆ ಯಾರು ಮೊದಲು ಎಂದು ಅದು ಹೇಳುತ್ತದೆ: ಮೊದಲು ಅಗ್ನಿಶಾಮಕ, ಆಮೇಲೆ ಆಂಬ್ಯುಲೆನ್ಸ್, ಆಮೇಲೆ ಪೊಲೀಸು. 2019ರ ತಿದ್ದುಪಡಿ ಕಾಯ್ದೆಗೆ 194ಇ ಎಂಬ ಕಲಮು ಸೇರಿಸಿತು. ತುರ್ತು ವಾಹನಕ್ಕೆ ದಾರಿ ಬಿಡದಿದ್ದರೆ ಆರು ತಿಂಗಳವರೆಗೆ ಸಜೆ, ಇಲ್ಲವೇ ₹10,000 ದಂಡ, ಇಲ್ಲವೇ ಎರಡೂ.

ಮೊನ್ನೆ ಶಿರಹಟ್ಟಿಗೆ ಹೋಗಿದ್ದೆ. ಫಕೀರೇಶ್ವರ ಮಠದ ಕಡೆಯಿಂದ ಬರುವ ರಸ್ತೆಯಲ್ಲಿ ಜನ ಒತ್ತಾಗಿತ್ತು. ಹಿಂದಿನಿಂದ ಸೈರನ್ ಕೇಳಿಸಿತು. ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬ ಮುದುಕಿ ತಿರುಗಿ ಕೂಡ ನೋಡದೆ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡು, ಪಕ್ಕದ ಹುಡುಗನಿಗೆ, "ಸರೀಯೋ ತಮ್ಮಾ, ನೂರಾ ಎಂಟು ಬಂತು" ಎಂದಳು. ಹುಡುಗ ತನ್ನ ಬೈಕನ್ನು ಚರಂಡಿಯ ಅಂಚಿನ ತನಕ ದಬ್ಬಿದ. ಗಾಡಿ ದಾಟಿಹೋಯಿತು. ಅಲ್ಲೇ ಚಹಾದಂಗಡಿಯ ಮೇಜಿನ ಮೇಲೆ ಅಂದಿನ ಪೇಪರ್ ಬಿದ್ದಿತ್ತು. ಸಂಪುಟ ವಿಸ್ತರಣೆಯ ಸುದ್ದಿ, ಗೂಟದ ಕಾರಿನ ಮೇಲೆ ಕಣ್ಣಿಟ್ಟವರು ಯಾರು ಯಾರು ಎಂಬ ಲೆಕ್ಕಾಚಾರ. ಅಂಗಡಿಯವರನ್ನು, "ಗೂಟ ತೆಗದು ಇಷ್ಟು ವರ್ಷ ಆತಲ್ರೀ, ಇನ್ನೂ ಗೂಟದ ಕಾರು ಅಂತ ಬರೀತಾರಲ್ಲ?" ಎಂದು ಕೇಳಿದೆ. ಅವರು ಕಪ್ಪು ತೊಳೆಯುತ್ತಲೇ, "ಕಾರಿನ ಮ್ಯಾಲಿಂದು ತಗದಾರ್ರೀ" ಎಂದರು.