ಬಂಡೆಯೊಳಗಿನ ಊರು, ಕೊಲೊರಾಡೊದ ಹೆಂಗಸರು

1888ರ ಡಿಸೆಂಬರ್ 18. ಅಮೆರಿಕದ ಕೊಲೊರಾಡೊದ ಮೇಸಾ ವರ್ಡೆಯಲ್ಲಿ ತಪ್ಪಿಸಿಕೊಂಡ ದನ ಹುಡುಕುತ್ತಿದ್ದ ರಿಚರ್ಡ್ ವೆದರಿಲ್ ಮತ್ತು ಚಾರ್ಲಿ ಮೇಸನ್ ಕಣಿವೆಯಾಚೆ ನೋಡಿ ನಿಂತುಬಿಟ್ಟರು. ಬಂಡೆಯ ಹೊಟ್ಟೆಯೊಳಗೆ ಒಂದು ಊರೇ ಕೂತಿತ್ತು. ಯೂಟ್ ಬುಡಕಟ್ಟಿನವರಿಗೆ ಅದು ಹೊಸದಲ್ಲ, ನೆಲವೇ ಅವರದು.

ಆ ಊರಿಗೆ ಈಗ ಕ್ಲಿಫ್ ಪ್ಯಾಲೇಸ್ ಎಂದು ಹೆಸರು. ಸುಮಾರು 150 ಕೋಣೆಗಳು. ಹೋಪಿ, ಝೂನಿ ಮೊದಲಾದ ಪ್ಯುಬ್ಲೊ ಜನರ ಪೂರ್ವಿಕರು ಮರಳುಗಲ್ಲಿಗೆ ಮಣ್ಣಿನ ಗಾರೆ ಮೆತ್ತಿ, ಬಹುಪಾಲು 13ನೇ ಶತಮಾನದಲ್ಲಿ ಕಟ್ಟಿದ್ದು. ನೆಲದೊಳಗೆ ಕಿವಾ ಎಂಬ ದುಂಡಗಿನ ಕೋಣೆಗಳಿವೆ. ಹಗೇವಿಗೆ ಇಳಿದಂತೆ ಮೇಲಿನ ಕಿಂಡಿಯಿಂದ ಏಣಿ ಹಿಡಿದು ಇಳಿಯುತ್ತಿದ್ದರು. ಕೆಳಗೆ ಬೆಂಕಿಯ ಗುಂಡಿ, ಅದರಾಚೆ ನೆಲದಲ್ಲೊಂದು ಪುಟ್ಟ ತೂತು. ಅದು ಸಿಪಾಪು: ಮನುಷ್ಯರು ಭೂಮಿಯೊಳಗಿನಿಂದ ಈ ಲೋಕಕ್ಕೆ ಹತ್ತಿ ಬಂದ ದಾರಿಯ ಗುರುತು. 1276ರಿಂದ ಸುಮಾರು ಕಾಲು ಶತಮಾನ ಮಳೆ ಕೈಕೊಟ್ಟಿತು. 1300ರ ಹೊತ್ತಿಗೆ ಊರು ಖಾಲಿ.

ಸುದ್ದಿ ಹರಡಿದ್ದೇ ತಡ, ಗಡಿಗೆ ಕುಡಿಕೆಗಾಗಿ ಅಗೆಯುವವರು ಬಂದರು. ಚಾವಣಿಯ ತೊಲೆ ಕಿತ್ತು ಚಳಿ ಕಾಯಿಸಿಕೊಂಡರು. 1891ರಲ್ಲಿ ಗುಸ್ತಾಫ್ ನೂರ್ಡೆನ್‌ಶೆಲ್ಡ್ ಎಂಬ ಯುವಕನನ್ನು ಸಾಮಾನು ಸಮೇತ ಡುರಾಂಗೊದಲ್ಲಿ ಹಿಡಿದರೂ ಬಿಡಬೇಕಾಯಿತು, ತಡೆಯುವ ಕಾನೂನೇ ಇರಲಿಲ್ಲ. ಆ ಸಂಗ್ರಹ ಹೆಲ್ಸಿಂಕಿ ಸೇರಿತು. ಅದರಲ್ಲಿದ್ದ 20 ಮಂದಿಯ ಅಸ್ಥಿ ತವರಿನ ಮಣ್ಣಿಗೆ ಮರಳಲು 2020 ಬರಬೇಕಾಯಿತು.

ಲೂಟಿ ನಿಲ್ಲಿಸಲು ಟೊಂಕ ಕಟ್ಟಿದವರು ಹೆಂಗಸರು. ಪತ್ರಿಕೆಗಾಗಿ 1882ರಲ್ಲೇ ಅಲ್ಲಿಗೆ ಹೋಗಿದ್ದ ವರ್ಜಿನಿಯಾ ಮೆಕ್‌ಕ್ಲರ್ಗ್ ಭಾಷಣ ಮಾಡುತ್ತ ತಿರುಗಿದರು. ಆಕೆಯ ಮುಂದಾಳುತನದಲ್ಲಿ 1900ರಲ್ಲಿ ಹುಟ್ಟಿದ ಮಹಿಳಾ ಸಂಘ ಆ ಬಂಡೆಮನೆಗಳ ಹೆಸರನ್ನೇ ಹೊತ್ತಿತು: ಕೊಲೊರಾಡೊ ಕ್ಲಿಫ್ ಡ್ವೆಲಿಂಗ್ಸ್ ಅಸೋಸಿಯೇಷನ್. ಲೂಸಿ ಪೀಬಡಿ ಆಕೆಯ ಬಲಗೈ. ಕೊಲೊರಾಡೊದ ಹೆಂಗಸರು 1893ರಲ್ಲೇ ಮತದ ಹಕ್ಕು ಗಳಿಸಿದ್ದರು. ಅಧಿಕಾರದ ಬಾಗಿಲು ತಟ್ಟಲು ಅಂಜುವವರಲ್ಲ. ಯೂಟ್ ಮುಖಂಡ ಇಗ್ನಾಸಿಯೊ ಜೊತೆ ವರ್ಷಕ್ಕೆ 300 ಡಾಲರಿನ ಗುತ್ತಿಗೆ ಕುದುರಿಸಿದರು. ಖಾಸಗಿ ಸಂಘಕ್ಕೆ ಅಂಥ ಅಧಿಕಾರವಿಲ್ಲವೆಂದು ವಾಷಿಂಗ್ಟನ್ ಅದನ್ನು ತಳ್ಳಿಹಾಕಿತು.

ಗೆಲುವು ಹತ್ತಿರ ಬಂದಾಗಲೇ ಮನೆ ಒಡೆಯಿತು. ಜಾಗ ಕೊಲೊರಾಡೊದ ಹೆಂಗಸರ ಕೈಯಲ್ಲೇ ಇರಲಿ ಎಂದರು ಮೆಕ್‌ಕ್ಲರ್ಗ್. ದೇಶದ ಉದ್ಯಾನವಾಗಲಿ ಎಂದ ಪೀಬಡಿ ಸಂಘ ಬಿಟ್ಟರು. ಹೆತ್ತವಳಂತೆ ಸಾಕಿದ ಕೆಲಸ ಬಿಟ್ಟುಕೊಡಲು ಮೆಕ್‌ಕ್ಲರ್ಗ್‌ಗೆ ಮನಸ್ಸಾಗದ್ದು ಅರ್ಥವಾಗುತ್ತದೆ, ಆದರೆ ದೂರದೃಷ್ಟಿ ಪೀಬಡಿಯದು. 1906ರ ಜೂನ್ 29ರಂದು ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಮೇಸಾ ವರ್ಡೆಯನ್ನು ರಾಷ್ಟ್ರೀಯ ಉದ್ಯಾನವಾಗಿಸುವ ಮಸೂದೆಗೆ ಸಹಿ ಹಾಕಿದರು. ಗಡಿ ಅಳೆದು ನೋಡಿದರೆ ಕ್ಲಿಫ್ ಪ್ಯಾಲೇಸೇ ಹೊರಗುಳಿದಿತ್ತು! ಅದನ್ನು ಒಳಗೊಳ್ಳಲು ಯೂಟ್ ಜನರಿಂದ ನೆಲ ಪಡೆದರು. ಅವರು ಒಲ್ಲದ ಮನಸ್ಸಿನಿಂದ ಕೊಟ್ಟ ಆ ನೆಲದ ಮಾತು ಈ ಸಾಹಸದ ಕಥೆಯಲ್ಲಿ ಬಹುಮಟ್ಟಿಗೆ ಮರೆತೇಹೋಗಿದೆ.

ಸಂಘ ಅಲ್ಲಿಗೇ ಕೈತೊಳೆದುಕೊಳ್ಳಲಿಲ್ಲ. 1910ರಲ್ಲಿ ಪುರಾತತ್ವಜ್ಞ ಜೆಸ್ಸಿ ನಸ್ಬಾಂ ಅಲ್ಲಿನ ಇನ್ನೊಂದು ಬಂಡೆಮನೆಯಾದ ಬಾಲ್ಕನಿ ಹೌಸ್‌ನ ಗೋಡೆಗಳನ್ನು ಭದ್ರಪಡಿಸಿದ್ದು ಈ ಹೆಂಗಸರು ಕೂಡಿಸಿದ ಹಣದಿಂದ. ಅದನ್ನು ನೋಡಲು ಹೋದವರು ಇಂದಿಗೂ 32 ಅಡಿ ಮರದ ಏಣಿ ಹತ್ತಿ, ಇಕ್ಕಟ್ಟಾದ 12 ಅಡಿ ಸುರಂಗದಲ್ಲಿ ಅಂಬೆಗಾಲಿಟ್ಟೇ ಸಾಗಬೇಕು.