ಪಾಳೆಯಗಾರರ ಐತಿಹ್ಯ (ದಾವಣಗೆರೆ–ಹರಿಹರ ಸೀಮೆ)

ವಿಜಯನಗರ ಸಾಮ್ರಾಜ್ಯ ಕುಸಿದ ಮೇಲೆ ತುಂಗಭದ್ರೆಯ ದಕ್ಷಿಣಕ್ಕೆ, ಹರಿಹರ, ದಾವಣಗೆರೆ, ಜಗಳೂರು, ಚನ್ನಗಿರಿ ಮತ್ತು ಹರಪನಹಳ್ಳಿಯ ಬಯಲಿನಲ್ಲಿ ಆಳಿದ ಪಾಳೆಯಗಾರ ಮನೆತನಗಳ ಬಗ್ಗೆ ಬೆಳೆದುಬಂದ ಕಥೆ, ವಂಶಾವಳಿ, ಹಾಡು, ಕೈಫಿಯತ್ತು ಮತ್ತು ಕಾದಂಬರಿಗಳ ಒಟ್ಟು ರಾಶಿ. ದಾವಣಗೆರೆ ಆಗ ಯಾವ ಪಾಳೆಯಪಟ್ಟಿನ ರಾಜಧಾನಿಯೂ ಆಗಿರಲಿಲ್ಲ. ಇಂದು ನಗರದೊಳಗೆ ಸೇರಿಹೋಗಿರುವ ಆವರಗೆರೆಯಂಥ ಊರುಗಳು ಎರಡು ಮೂರು ಪಾಳೆಯಪಟ್ಟುಗಳ ನಡುವಣ ಬಯಲಿನಲ್ಲಿದ್ದವು. ಈ ಸೀಮೆಯ ಐತಿಹ್ಯದಲ್ಲಿ ಕೋಟೆಯ ವೈಭವ ಕಡಿಮೆ. ಹಾದುಹೋದ ದಂಡು, ಕೈಬದಲಾದ ಊರು, ಬಯಲಲ್ಲಿ ನಡೆದ ಕಾಳಗ ಇವೇ ಹೆಚ್ಚು.

ದಾಖಲೆ ಚದುರಿದ ಬಗೆ

ಈ ಸೀಮೆಯ ಚರಿತ್ರೆ ಗೋಜಲಾಗಲು ಆಡಳಿತದ ಗಡಿಗಳೂ ಕಾರಣ. 1800ರ ಹೊತ್ತಿಗೆ ಹರಪನಹಳ್ಳಿ ಬ್ರಿಟಿಷರ ಮದರಾಸು ಆಡಳಿತದ ಬಳ್ಳಾರಿ ಸೀಮೆಗೆ ಸೇರಿತು. ಹರಿಹರ, ದಾವಣಗೆರೆ, ಬಸವಾಪಟ್ಟಣ, ಸಂತೆಬೆನ್ನೂರುಗಳು ಮೈಸೂರು ಸಂಸ್ಥಾನದಲ್ಲೇ ಉಳಿದವು. ಹೊಳೆ ದಾಟಿದರೆ ಧಾರವಾಡ ಜಿಲ್ಲೆ, ಅದು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದು. ಹಾಗಾಗಿ ಒಂದೇ ಕಾಳಗದ ಎರಡು ಪಕ್ಷಗಳ ಕಥೆ ಎರಡು ಗೆಜೆಟಿಯರುಗಳಲ್ಲಿ ಹಂಚಿಹೋಯಿತು. ಮೈಸೂರಿನದನ್ನು ಬಿ.ಎಲ್. ರೈಸ್ ಬರೆದರು, ಬಳ್ಳಾರಿಯದನ್ನು ಡಬ್ಲ್ಯು. ಫ್ರಾನ್ಸಿಸ್. ಇಬ್ಬರೂ ತಮ್ಮ ತಮ್ಮ ಗಡಿಯೊಳಗಿನ ಮನೆತನದ ಹೇಳಿಕೆಯನ್ನೇ ಹೆಚ್ಚು ನೆಚ್ಚಿದರು. ನಂತರದ ಬರಹಗಾರರಲ್ಲಿ ಹಲವರು ಎರಡರಲ್ಲಿ ಒಂದನ್ನಷ್ಟೇ ಓದಿ ಬರೆದಿದ್ದಾರೆ.

ಇವುಗಳಿಗಿಂತ ಹಳೆಯವು ಕೈಫಿಯತ್ತುಗಳು. ಟಿಪ್ಪುವಿನ ಪತನದ ನಂತರ ಮೈಸೂರಿನ ಸರ್ವೆ ಕೈಗೊಂಡ ಕಾಲಿನ್ ಮೆಕೆಂಜಿ (1754–1821) ತನ್ನ ಸಹಾಯಕರ ಮೂಲಕ ಊರೂರಿನ ಶಾನುಭೋಗರಿಂದ, ಅಧಿಕಾರ ಕಳೆದುಕೊಂಡ ಮನೆತನಗಳಿಂದ ಬರೆಯಿಸಿಕೊಂಡ ವೃತ್ತಾಂತಗಳಿವು. ಕನ್ನಡದ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿ ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಪ್ರಕಟಿಸಿದ ಮೇಲೆ ಅವು ಸಾಮಾನ್ಯ ಓದುಗರ ಕೈಗೂ ಸಿಕ್ಕವು. ಇವನ್ನು ಓದುವಾಗ ಒಂದು ಸಂಗತಿ ನೆನಪಿರಬೇಕು. ಹೇಳಿದವರಲ್ಲಿ ಅನೇಕರು ಇನಾಮು, ಉಂಬಳಿ ಉಳಿಯಲೆಂದು ಹೊಸ ಸರ್ಕಾರದ ಮುಖ ನೋಡುತ್ತಿದ್ದವರು. ತಮ್ಮ ಹಕ್ಕು ಹಳೆಯದು, ವಿಜಯನಗರದ ರಾಯರಿಂದ ಬಂದದ್ದು ಎಂದು ತೋರಿಸುವ ಅಗತ್ಯ ಅವರಿಗಿತ್ತು.

ಸಾಮ್ರಾಜ್ಯದ ನೆರಳು

1565ರ ಜನವರಿಯಲ್ಲಿ ರಕ್ಕಸ-ತಂಗಡಿ ಕದನದಲ್ಲಿ ಅಳಿಯ ರಾಮರಾಯ ಸತ್ತದ್ದು, ತಿರುಮಲ ಪೆನುಗೊಂಡೆಗೆ ಹೋದದ್ದು ಎಲ್ಲರಿಗೂ ತಿಳಿದ ಕಥೆ. ಹರಿಹರಕ್ಕೆ ಅದಕ್ಕಿಂತ ಹಳೆಯ ಚರಿತ್ರೆಯಿದೆ. ಹರಿಯಿಂದಾಗಲಿ ಹರನಿಂದಾಗಲಿ ಸಾವಿಲ್ಲವೆಂಬ ವರ ಪಡೆದ ಗುಹಾಸುರನನ್ನು ಇಬ್ಬರೂ ಒಂದೇ ದೇಹವಾಗಿ ಬಂದು ಕೊಂದರೆಂಬುದು ಸ್ಥಳಪುರಾಣ. ಈಗಿರುವ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ. ವಿಜಯನಗರದ ಕಾಲದಲ್ಲಿ ದೇವರ ಜಮೀನಿಗೆ ನೀರುಣಿಸಲು ಹರಿದ್ರಾ ನದಿಗೆ ಅಣೆ ಕಟ್ಟಿದ್ದನ್ನು 1410ರ ಶಾಸನ ಹೇಳುತ್ತದೆ. ಅದು ಒಡೆದು ಮತ್ತೆ ಕಟ್ಟಿದ್ದನ್ನು 1424ರದು ಹೇಳುತ್ತದೆ.

ರಾಜಧಾನಿ ಬಿದ್ದ ದಿನವೇ ಪಾಳೆಯಗಾರರೆಲ್ಲ ಸ್ವತಂತ್ರರಾದರೆಂಬ ಮಾತು ಶಾಲಾಪುಸ್ತಕಗಳಲ್ಲಿ ಸಾಮಾನ್ಯ. ನಡೆದದ್ದು ಅಷ್ಟು ಸರಳವಾಗಿಲ್ಲ. ಪೆನುಗೊಂಡೆಯ, ಆಮೇಲೆ ಚಂದ್ರಗಿರಿ ಮತ್ತು ವೆಲ್ಲೂರಿನ ರಾಯರ ಹೆಸರನ್ನು ಶಾಸನದ ಮೊದಲಿಗೆ ಹೇಳುವ ಪದ್ಧತಿ ಬಹಳ ಕಾಲ ನಡೆಯಿತು. ರಾಜ್ಯ ಕಳೆದುಕೊಂಡ ಮೂರನೆಯ ಶ್ರೀರಂಗನಿಗೆ ಹದಿನೇಳನೆಯ ಶತಮಾನದ ನಡುವಿನಲ್ಲಿ ಆಶ್ರಯ ಕೊಟ್ಟವನು ಕೆಳದಿಯ ಶಿವಪ್ಪ ನಾಯಕ. ಬಲವಿಲ್ಲದ ರಾಯನೂ ಹಕ್ಕಿನ ಮೂಲವಾಗಿ ಉಪಯೋಗಕ್ಕೆ ಬರುತ್ತಿದ್ದ. ಐತಿಹ್ಯಗಳಲ್ಲೂ ಇದೇ ಕಾಣುತ್ತದೆ: ಮೂಲಪುರುಷ ಎಷ್ಟೇ ಸ್ವತಂತ್ರ ಶೂರನಾಗಿರಲಿ, ಕಥೆಯ ಒಂದು ತಿರುವಿನಲ್ಲಿ ವಿಜಯನಗರದ ಅರಸನೊಬ್ಬ ಬಂದು ಅವನನ್ನು ಮೆಚ್ಚಲೇಬೇಕು.

ಮತ್ತಿ ತಿಮ್ಮಣ್ಣನ ಕುದುರೆ

ಚಿತ್ರದುರ್ಗದ ಕಾಮಗೇತಿ ಮನೆತನದ ಮೂಲಕಥೆ ಶುರುವಾಗುವುದು ದುರ್ಗದಲ್ಲಲ್ಲ, ದಾವಣಗೆರೆ ಸೀಮೆಯಲ್ಲಿ. ತಿರುಪತಿಯ ಕಡೆಯಿಂದ ಬಂದ ಬೇಡರ ಕುಟುಂಬಗಳು ಭರಮಸಾಗರದ ಹತ್ತಿರದ ನೀರ್ಥಡಿಯಲ್ಲಿ ಬೀಡುಬಿಟ್ಟವು. ಅವರಲ್ಲಿ ತಿಮ್ಮಣ್ಣ ನಾಯಕ ದಾವಣಗೆರೆ ತಾಲ್ಲೂಕಿನ ಮತ್ತಿಯಲ್ಲಿ ನೆಲೆಸಿದ. ‘ಮತ್ತಿ ತಿಮ್ಮಣ್ಣ ನಾಯಕ’ ಎಂಬ ಹೆಸರು ಬಂದದ್ದು ಹೀಗೆ. ರಾಯರು ಅವನಿಗೆ ಮೊದಲು ಹೊಳಲ್ಕೆರೆಯ, ಆಮೇಲೆ ಹಿರಿಯೂರಿನ, ಕೊನೆಗೆ ಚಿತ್ರದುರ್ಗದ ನಾಯಕತನ ಕೊಟ್ಟರೆಂಬುದು ಪ್ರಚಲಿತ ಹೇಳಿಕೆ.

ಆಮೇಲೆ ರಾಯರಿಗೂ ಅವನಿಗೂ ಕೆಟ್ಟಿತು, ದಂಡು ಬಂತು. ಒಂದು ರಾತ್ರಿ ತಿಮ್ಮಣ್ಣ ದಂಡಿನ ಪಾಳೆಯಕ್ಕೆ ನುಸುಳಿ ದಳಪತಿಯ ಕುದುರೆಯನ್ನು ಕದಿಯಹೊರಟ. ಕುದುರೆ ಬೆದರಿ ಗೂಟ ಕಿತ್ತಿತು. ಕಾಸದಾರ ಎಚ್ಚೆತ್ತದ್ದನ್ನು ಕಂಡು ತಿಮ್ಮಣ್ಣ ಹುಲ್ಲಿನೊಳಗೆ ಅಡಗಿದ. ಕಾಸದಾರ ಕತ್ತಲಲ್ಲಿ ಮತ್ತೆ ಹೊಡೆದ ಗೂಟ ಹುಲ್ಲಿನ ಕೆಳಗಿದ್ದ ತಿಮ್ಮಣ್ಣನ ಅಂಗೈಯನ್ನೇ ಸೀಳಿ ನೆಲಕ್ಕಿಳಿಯಿತು. ಅವನು ಉಸಿರೆತ್ತಲಿಲ್ಲ. ಸದ್ದಡಗಿದ ಮೇಲೆ ತನ್ನ ಕೈಯನ್ನೇ ಕಡಿದುಕೊಂಡು ಬಿಡಿಸಿಕೊಂಡ, ಕುದುರೆಯನ್ನೂ ಒಯ್ದ. ಇಂಥವನನ್ನು ಮಣಿಸಲಾಗದೆಂದು ತಿಳಿದ ದಂಡು ಸಂಧಿ ಮಾಡಿಕೊಂಡಿತು. ಕಥೆಯ ಕೊನೆ ಮಾತ್ರ ಸುಖದ್ದಲ್ಲ: ರಾಯರ ಕರೆಗೆ ಓಗೊಟ್ಟು ವಿಜಯನಗರಕ್ಕೆ ಹೋದ ತಿಮ್ಮಣ್ಣ ಮುಂದೆ ಅಲ್ಲಿಯೇ ಸೆರೆಯಲ್ಲಿ ಸತ್ತ.

ಕಾಲದ ತೊಡಕು ಇರುವುದು ಇಲ್ಲಿ. ಆ ದಳಪತಿಯ ಹೆಸರು ಸಾಳುವ ನರಸಿಂಗರಾಯ ಎಂದು ಕಥೆ ಹೇಳುತ್ತದೆ. ಚರಿತ್ರೆಯ ಸಾಳುವ ನರಸಿಂಹ ಸಿಂಹಾಸನದಲ್ಲಿದ್ದದ್ದು 1485ರಿಂದ 1491ರವರೆಗೆ. ತಿಮ್ಮಣ್ಣನ ಆಳ್ವಿಕೆಗೆ ಇಂದಿನ ಪಟ್ಟಿಗಳು ಕೊಡುವ ಆರಂಭದ ವರ್ಷ 1568. ನಡುವೆ ಸುಮಾರು ಎಂಬತ್ತು ವರ್ಷದ ಅಂತರ. ಅಲ್ಲದೆ 1568ರಲ್ಲಿ ವಿಜಯನಗರ ಪಾಳುಬಿದ್ದು ಮೂರು ವರ್ಷವಾಗಿತ್ತು, ಸೆರೆಯಲ್ಲಿಡಲು ಅಲ್ಲಿ ಅರಮನೆಯೂ ಇರಲಿಲ್ಲ. ಕಥೆಯನ್ನು ನಂಬುವುದಾದರೆ ವರ್ಷವನ್ನು ಹಿಂದಕ್ಕೆ ತಳ್ಳಬೇಕು, ವರ್ಷವನ್ನು ಉಳಿಸಿಕೊಂಡರೆ ಕಥೆಯ ಅರಸನನ್ನು ಕೈಬಿಡಬೇಕು. ಎರಡನ್ನೂ ಒಟ್ಟಿಗೆ ಬರೆದಿರುವ ಪುಸ್ತಕಗಳೇ ಹೆಚ್ಚು. ಸಾಳುವ ಎಂಬ ಹೆಸರು ದೊಡ್ಡ ಹೆಸರೆಂಬ ಕಾರಣಕ್ಕೆ ಆಮೇಲೆ ಬಂದು ಸೇರಿಕೊಂಡಿರುವ ಸಂಭವ ಹೆಚ್ಚು. ಕೆಳದಿಯವರ ಮೂಲಕಥೆಯಲ್ಲೂ ನಿಧಿ, ಸರ್ಪ, ಖಡ್ಗಗಳ ನಂತರ ರಾಯರ ಮನ್ನಣೆ ಬರುತ್ತದೆ. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ ಅದನ್ನು ಕಾವ್ಯವಾಗಿಸಿದೆ. ದುರ್ಗದವರ ಕಥೆಗೆ ಅಂಥ ಆಸ್ಥಾನದ ಪಾಲಿಶ್ ಇಲ್ಲ, ಕಳ್ಳತನವನ್ನೇ ಅದು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ.

ಒಂದು ಮನೆತನ, ಮೂರು ಹೆಸರು

ಹರಿಹರದ ಕೋಟೆಯನ್ನು ಕಟ್ಟಿದವರು ತರೀಕೆರೆಯ ಪಾಳೆಯಗಾರರೆಂದು ಗೆಜೆಟಿಯರುಗಳು ಹೇಳುತ್ತವೆ. ಬಸವಾಪಟ್ಟಣದ ನಾಯಕರು, ಸಂತೆಬೆನ್ನೂರಿನ ನಾಯಕರು, ತರೀಕೆರೆಯವರು ಎಂದು ಬೇರೆ ಬೇರೆಯಾಗಿ ಓದಿದವರಿಗೆ ಮೂರು ರಾಜ್ಯಗಳು ಕಾಣುತ್ತವೆ. ಇದ್ದದ್ದು ನೆಲೆ ಬದಲಿಸುತ್ತ ಹೋದ ಒಂದೇ ಮನೆತನ. ಕೆಂಗ, ಹನುಮಪ್ಪ ಎಂಬ ಹೆಸರುಗಳು ಅದರಲ್ಲಿ ಮತ್ತೆ ಮತ್ತೆ ಬರುವುದರಿಂದ ಯಾವ ಹನುಮಪ್ಪ ಯಾವುದನ್ನು ಕಟ್ಟಿದ ಎಂಬುದು ಇನ್ನಷ್ಟು ಕಲಸಿಹೋಗಿದೆ.

1637ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಕೆಳದಿ ನಾಯಕರ ಇಕ್ಕೇರಿಯ ಮೇಲೆ ಬಿದ್ದಾಗ ಅವನಿಗೆ ದಾರಿ ತೋರಿಸಿದವನು ಈ ಮನೆತನದ ಕೆಂಗ ಹನುಮ. ಎರಡು ವರ್ಷ ಕಳೆಯುವುದರೊಳಗೆ ಅದೇ ಖಾನ್ ಬಸವಾಪಟ್ಟಣವನ್ನೇ ಮುತ್ತಿದ. ಊರ ಕಥೆಗಳು ಎರಡನೆಯ ಸಂಗತಿಯನ್ನು ವಿವರವಾಗಿ ಹೇಳಿ ಮೊದಲನೆಯದನ್ನು ಮರೆಯುತ್ತವೆ.

ಸಂತೆಬೆನ್ನೂರಿನ ಪುಷ್ಕರಣಿಯ ಸುತ್ತಲಿನ ವಿವಾದ ಹುಟ್ಟಿದ್ದೂ ಇಲ್ಲಿಂದಲೇ. ನೀರಿನ ನಡುವೆ ಮಂಟಪ, ಸುತ್ತ ಮೆಟ್ಟಿಲು, ದಡದಲ್ಲಿ ಮುಸಾಫಿರಖಾನೆಯೆಂದು ಕರೆಯುವ ದೊಡ್ಡ ಕಟ್ಟಡ. ದೇವಾಲಯದ ಮುಂದೆ ಹನುಮಪ್ಪ ನಾಯಕ ಹೊಂಡ ಕಟ್ಟಿಸಿದ, ರಣದುಲ್ಲಾ ಖಾನ್ ದೇವಾಲಯ ಕೆಡವಿ ಆ ಜಾಗದಲ್ಲಿ ಮಸೀದಿ ಎಬ್ಬಿಸಿದ, ನಾಯಕ ಮತ್ತೊಮ್ಮೆ ಬಂದು ಅಲ್ಲಿನ ಅಧಿಕಾರಿಯನ್ನು ಕೊಂದು ಮಸೀದಿಯನ್ನು ಬಳಕೆಗೆ ಬಾರದಂತೆ ಮಾಡಿದ: ಇದು ರೈಸ್ ಬರೆದಿಟ್ಟ ಐತಿಹ್ಯ. ಆ ಕಟ್ಟಡ ಮಸೀದಿಯೋ ಪ್ರಯಾಣಿಕರ ತಂಗುಮನೆಯೋ ಎಂಬುದರಲ್ಲೇ ಹೇಳಿಕೆಗಳು ಒಂದಾಗಿಲ್ಲ. ಕಲ್ಲಿನ ಸಾಕ್ಷ್ಯ ಇನ್ನೂ ತೊಡಕಿನದು. ನಾಯಕನ ಕೆಲಸವೆಂದು ಎಲ್ಲರೂ ಒಪ್ಪುವ ನಡುಮಂಟಪದಲ್ಲೇ ಸುಲ್ತಾನರ ಕಾಲದ ಕಮಾನಿನ ಶೈಲಿ ಬೆರೆತಿದೆ. ಒಬ್ಬ ಕಟ್ಟಿದ, ಇನ್ನೊಬ್ಬ ಕೆಡವಿದ ಎಂಬ ಎರಡೇ ಸಾಲಿನ ಕಥೆಗೆ ಈ ಕಟ್ಟಡಗಳು ಸುಲಭವಾಗಿ ಒಗ್ಗುವುದಿಲ್ಲ.

ಇದೇ ದಂಡಯಾತ್ರೆಗಳಲ್ಲಿ ಈ ಕಡೆಗೆ ಬಂದ ಶಹಾಜಿ ಭೋಂಸ್ಲೆ 1664ರಲ್ಲಿ ತೀರಿಕೊಂಡ. ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ಅವನ ಸಮಾಧಿಯಿದೆ.

ಹರಿಹರ ಆಮೇಲೆ ಸವಣೂರಿನ ನವಾಬನ ಕೈಗೆ ಹೋಗಿ, ಅವನಿಂದ ಶೇರ್ ಖಾನನಿಗೆ ಜಹಗೀರಾಯಿತು. ಮುಂದೆ ಬಿದನೂರಿನವರು, ಅಂದರೆ ಕೆಳದಿಯ ನಾಯಕರು, ಹಿಡಿದರು. ಅವರು ಅದನ್ನು ಒಂದು ಲಕ್ಷ ರೂಪಾಯಿಗೆ ಮರಾಠರಿಗೆ ಮಾರಿದರೆಂಬ ಮಾತಿದೆ. ಹೈದರಾಲಿ 1763ರಲ್ಲಿ ವಶಪಡಿಸಿಕೊಂಡ ಮೇಲೂ ಮರಾಠರು ಮೂರು ಬಾರಿ ಬಂದು ಹೋದರು.

ಮಾಯಕೊಂಡ, 1748

ದಾವಣಗೆರೆ ತಾಲ್ಲೂಕಿನ ನೆಲದಲ್ಲಿ ನಡೆದ ಅತಿ ದೊಡ್ಡ ಪಾಳೆಯಗಾರ ಕಾಳಗ ಮಾಯಕೊಂಡದ್ದು. ಒಂದು ಕಡೆ ಚಿತ್ರದುರ್ಗದ ಮದಕರಿ ನಾಯಕ. ಎದುರಿಗೆ ಬಿದನೂರು, ರಾಯದುರ್ಗ, ಹರಪನಹಳ್ಳಿ, ಸವಣೂರುಗಳ ಕೂಟ. ಆನೆಯ ಮೇಲಿದ್ದ ಮದಕರಿಯನ್ನು ಹರಪನಹಳ್ಳಿಯ ಸೋಮಶೇಖರ ನಾಯಕ ಕೊಂದ. ಇಷ್ಟರಲ್ಲಿ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಆದರೆ ದುರ್ಗದ ಕಡೆಯ ಕಥೆಗಳಲ್ಲಿ ಇದು ಕೂಟ ಕಟ್ಟಿ ಮಾಡಿದ ಅನ್ಯಾಯ, ಹರಪನಹಳ್ಳಿಯ ಕಡೆಯಲ್ಲಿ ಸೋಮಶೇಖರನ ಹಿರಿಮೆಯ ತುದಿ. ಎರಡು ಮನೆತನಗಳ ನಡುವೆ ಹೆಣ್ಣು ಕೊಟ್ಟು ತಂದ ನಂಟಿನ ಮಾತೂ ಐತಿಹ್ಯದಲ್ಲಿ ಇರುವುದರಿಂದ ಹಗೆಯ ಕಾರಣಗಳು ಹೇಳುವವರಿಂದ ಹೇಳುವವರಿಗೆ ಬದಲಾಗುತ್ತವೆ.

ಈ ಕಾಳಗಕ್ಕೆ ಹೊರಗಿನ ಪ್ರಪಂಚದ ಗಮನ ಬಂದದ್ದು ಚಂದಾ ಸಾಹೇಬನಿಂದ. ಮರಾಠರ ಸೆರೆಯಿಂದ ಬಿಡುಗಡೆಯಾಗಿ ಬರುತ್ತಿದ್ದ ಅವನು ದುರ್ಗದ ಪಕ್ಷ ಸೇರಿದ, ಅವನ ಮಗ ಸತ್ತ, ಅವನು ಸೆರೆಯಾದ ಎಂದು ರಾಬರ್ಟ್ ಆರ್ಮ್ ಬರೆದು, 1748ರ ಮಾರ್ಚ್ 24 ಎಂಬ ದಿನವನ್ನೂ ಕೊಟ್ಟಿದ್ದಾನೆ. ಬಿದನೂರಿನವರ ಕೈಯಿಂದ ಹೇಗೋ ಪಾರಾಗಿ ಹೋದ ಚಂದಾ ಸಾಹೇಬ ಮರುವರ್ಷವೇ ಅಂಬೂರಿನ ಕದನದಲ್ಲಿ ಫ್ರೆಂಚರ ಜೊತೆ ಕಾಣಿಸಿಕೊಂಡು ಕರ್ನಾಟಿಕ್ ಯುದ್ಧಗಳ ದಿಕ್ಕನ್ನೇ ತಿರುಗಿಸಿದ. ಊರಿನ ಹೇಳಿಕೆಗಳಲ್ಲಿ ಅವನಿಗೆ ಹೆಚ್ಚು ಜಾಗವಿಲ್ಲ. ಇಂಗ್ಲಿಷ್ ಚರಿತ್ರೆಗಳಲ್ಲಿ ಮದಕರಿಗೆ ಹೆಚ್ಚು ಜಾಗವಿಲ್ಲ. ಸತ್ತ ಮದಕರಿ ಎಷ್ಟನೆಯವನು ಎಂಬ ಲೆಕ್ಕವೂ ಪುಸ್ತಕದಿಂದ ಪುಸ್ತಕಕ್ಕೆ ಬೇರೆ. ಅವನ ನಂತರ ಬಂದ ಕಸ್ತೂರಿ ರಂಗಪ್ಪ ಮಾಯಕೊಂಡವನ್ನು ಮತ್ತೆ ದುರ್ಗಕ್ಕೆ ಸೇರಿಸಿಕೊಂಡ.

ಕೊನೆಯ ಮದಕರಿ, ಹೈದರನ ಮುತ್ತಿಗೆಗಳು, 1779ರಲ್ಲಿ ದುರ್ಗದ ಪತನ, ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು ಬೇಕಾದಷ್ಟು ಕಡೆ ವಿವರವಾಗಿ ಬಂದಿವೆ. ದಾವಣಗೆರೆಯನ್ನು ಹೈದರ್ ಅಪೋಜಿ ರಾಮನೆಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಅವನು ವರ್ತಕರನ್ನು ಕರೆತಂದು ನೆಲೆಗೊಳಿಸಿದ. ಈ ಊರಿನ ಏಳಿಗೆ ಶುರುವಾಗುವುದು ಪಾಳೆಯಗಾರರ ಕಾಲ ಮುಗಿಯುತ್ತಿದ್ದಾಗ. ಪೇಟೆಯೇ ಬೆಳೆಸಿದ ಊರಿಗೆ ವೀರಗಾಥೆ ಇಲ್ಲದಿರುವುದು ಆಶ್ಚರ್ಯವಲ್ಲ. 1830–31ರ ನಗರದ (ಬಿದನೂರಿನ) ದಂಗೆಯಲ್ಲಿ ತರೀಕೆರೆಯ ಪಾಳೆಯಗಾರ ಎದ್ದದ್ದು ಈ ಮನೆತನಗಳ ಕೊನೆಯ ರಾಜಕೀಯ ಪ್ರಯತ್ನ.

ಹಾಡು, ಕಾದಂಬರಿ, ಸಿನಿಮಾ

ಅರಮನೆಯ ವಂಶಾವಳಿಗಳ ಹೊರಗೆ ಇನ್ನೊಂದು ಐತಿಹ್ಯವಿದೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮ್ಯಾಸಬೇಡರು ಹಾಡುವ ಗಾದ್ರಿಪಾಲನಾಯಕ, ಜಗಳೂರು ಪಾಪನಾಯಕರ ಕಥೆಗಳಲ್ಲಿ ದನದ ಹಿಂಡು, ದೇವರ ಎತ್ತು, ಹುಲ್ಲುಗಾವಲುಗಳೇ ಮುಖ್ಯ. ಚರಿತ್ರೆ ಬರೆದವರು ಇವನ್ನು ಜಾನಪದವೆಂದು ಬದಿಗಿಟ್ಟು, ಅಷ್ಟೇ ಅಲೌಕಿಕವಾದ ಕೈಫಿಯತ್ತುಗಳನ್ನು ಮಾತ್ರ ಆಕರವೆಂದು ಬಳಸಿದ್ದು ಸಮರ್ಥನೀಯವಾಗಿ ತೋರುವುದಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಎಂ.ಎಸ್. ಪುಟ್ಟಣ್ಣ ಪಾಳೆಯಗಾರರ ಚರಿತ್ರೆ ಬರೆದರು. ಹುಲ್ಲೂರು ಶ್ರೀನಿವಾಸ ಜೋಯಿಸರು ದುರ್ಗದ ಬಖೈರು, ಕಾಗದಪತ್ರಗಳನ್ನು ಜೀವನವಿಡೀ ಹುಡುಕಿದರು. ಆದರೆ ಜನರ ನೆನಪನ್ನು ರೂಪಿಸಿದವರು ತ.ರಾ. ಸುಬ್ಬರಾಯರು (1920–1984), ಹರಿಹರ ತಾಲ್ಲೂಕಿನ ಮಲೇಬೆನ್ನೂರಿನಲ್ಲಿ ಹುಟ್ಟಿದವರು. ಹದಿನೇಳನೆಯ ಶತಮಾನದ ಕೊನೆಯಲ್ಲಿ ದಳವಾಯಿ ಮುದ್ದಣ್ಣನ ಕೈಯಲ್ಲಿ ಸಿಂಹಾಸನ ಆಟವಾಡಿದ ಕೆಲವೇ ವರ್ಷಗಳನ್ನು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಎಂಬ ಮೂರು ಕಾದಂಬರಿಗಳಾಗಿ ಹಿಗ್ಗಿಸಿದರು. ಆ ಗೊಂದಲದ ಕೊನೆಗೆ 1689ರಲ್ಲಿ ಪಟ್ಟಕ್ಕೆ ಬಂದ ಭರಮಪ್ಪ ನಾಯಕ ಜಗಳೂರು ತಾಲ್ಲೂಕಿನ ಬಿಳಿಚೋಡಿನವನು. ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಲೇಖಕರು ಇರಲಿಲ್ಲ. ಬಿ.ಎಲ್. ವೇಣು ಅದೇ ಹಾದಿಯಲ್ಲಿ ಮುಂದುವರಿದರು. ಕಾದಂಬರಿಯ ಸಂಭಾಷಣೆಗಳು ಈಗ ಭಾಷಣಗಳಲ್ಲಿ ಚರಿತ್ರೆಯಾಗಿ ಉಲ್ಲೇಖವಾಗುವುದುಂಟು.

ಒನಕೆ ಓಬವ್ವನ ಕಥೆಯದೂ ಇದೇ ಬಗೆ. ಕಹಳೆ ಮುದ್ದ ಹನುಮನ ಹೆಂಡತಿ ಕಿಂಡಿಯಲ್ಲಿ ನುಸುಳಿದ ಹೈದರನ ಸೈನಿಕರನ್ನು ಒನಕೆಯಿಂದ ಕೊಂದ ಘಟನೆ ಯಾವ ಮುತ್ತಿಗೆಯದು, ಅವಳು ಹೇಗೆ ಸತ್ತಳು ಎಂಬುದನ್ನು ಬೇರೆ ಬೇರೆ ರೀತಿ ಹೇಳುತ್ತಾರೆ. 1972ರ ‘ನಾಗರಹಾವು’ ಚಿತ್ರದ ಹಾಡಿನಲ್ಲಿ ಜಯಂತಿ ಓಬವ್ವಳಾಗಿ ಕಾಣಿಸಿಕೊಂಡ ಮೇಲೆ ಹೆಚ್ಚಿನ ಕನ್ನಡಿಗರಿಗೆ ಅದೇ ರೂಪ ಗಟ್ಟಿಯಾಯಿತು. 2021ರಿಂದ ರಾಜ್ಯ ಸರ್ಕಾರ ನವೆಂಬರ್ 11ರಂದು ಓಬವ್ವ ಜಯಂತಿ ಆಚರಿಸುತ್ತಿದೆ. ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿ 1998ರಲ್ಲಿ ವಾಲ್ಮೀಕಿ ಗುರುಪೀಠ ಆರಂಭವಾದ ಮೇಲೆ ನಾಯಕ ಸಮುದಾಯದ ಸಭೆಗಳಲ್ಲಿ ಮದಕರಿಯ ಹೆಸರು ಹಕ್ಕಿನ ಹೆಸರಾಗಿಯೂ ಕೇಳಿಬರುತ್ತಿದೆ.

1997ರ ಆಗಸ್ಟ್ 15ರಂದು ಚಿತ್ರದುರ್ಗ, ಶಿವಮೊಗ್ಗ, ಬಳ್ಳಾರಿ ಜಿಲ್ಲೆಗಳ ಭಾಗಗಳಿಂದ ದಾವಣಗೆರೆ ಜಿಲ್ಲೆಯಾದಾಗ ಮತ್ತಿ, ಮಾಯಕೊಂಡ, ಸಂತೆಬೆನ್ನೂರು, ಬಿಳಿಚೋಡು, ಹರಪನಹಳ್ಳಿ ಮೊದಲ ಬಾರಿಗೆ ಒಂದೇ ಜಿಲ್ಲೆಯ ಆಡಳಿತದಡಿ ಬಂದವು. ಮೂರು ಕಡೆ ಹರಿದುಹೋಗಿದ್ದ ಕಾಗದಗಳನ್ನು ಒಟ್ಟಿಗಿಟ್ಟು ಓದಲು ಅದು ಒಳ್ಳೆಯ ಅವಕಾಶವಾಗಿತ್ತು. 2018ರಲ್ಲಿ ಹರಪನಹಳ್ಳಿ, ಅದರೊಂದಿಗೆ ಆ ತಾಲ್ಲೂಕಿನ ಉಚ್ಚಂಗಿದುರ್ಗವೂ, ಮತ್ತೆ ಬಳ್ಳಾರಿಗೆ ಸೇರಿತು. 2021ರಿಂದ ಅವು ಹೊಸಪೇಟೆ ಕೇಂದ್ರವಾಗಿರುವ ವಿಜಯನಗರ ಜಿಲ್ಲೆಯಲ್ಲಿವೆ.